ಆಟೋ ಚಾನೆಲ್ ಹಾಕಿದ್ರೂ ಕಾಲ್ ಕಟ್ ಆಗ್ತಿದೆ: ಒಂದೇ ಮಹಡಿಯಲ್ಲಿ ನಾಲ್ಕು ಕಂಪನಿಗಳ ವೈಫೈ

ಏಳನೇ ಮಹಡಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಔಟರ್ ರಿಂಗ್ ರೋಡ್ ಪಕ್ಕದ ಟೆಕ್ ಪಾರ್ಕೊಂದರಲ್ಲಿ ನೆಟ್‌ವರ್ಕ್ ನೋಡ್ಕೊಳ್ತೀನಿ. ನಮ್ಮದು ಏಳನೇ ಮಹಡಿಯ ಒಂದು ಭಾಗ. ಸುಮಾರು 420 ಸೀಟು, 38 ಆಕ್ಸೆಸ್ ಪಾಯಿಂಟು (ಸೀಲಿಂಗಿನಲ್ಲಿ ಕೂರಿಸೋ ವೈಫೈ ಪೆಟ್ಟಿಗೆ). ಅದೇ ಮಹಡಿಯಲ್ಲಿ ಇನ್ನೂ ಮೂರು ಕಂಪನಿಗಳಿವೆ. ನಡುವೆ ಇರೋದು ಜಿಪ್ಸಮ್ ಗೋಡೆ, ಗಾಜಿನ ಬಾಗಿಲು, ಅಷ್ಟೇ.

ಇವನ್ನೆಲ್ಲ ಒಂದೇ ಕಡೆಯಿಂದ ನಡೆಸೋ ಹೊಸ ಕಂಟ್ರೋಲರ್ ಬಂದಾಗ ಚಾನೆಲ್ (ಪೆಟ್ಟಿಗೆ ಮಾತಾಡೋ ತರಂಗಪಟ್ಟಿ), ಪವರ್ (ಅದರ ಸಿಗ್ನಲ್ ಎಷ್ಟು ಜೋರು) ಎರಡನ್ನೂ ಆಟೋಗೆ ಬಿಟ್ವಿ. ಅದೇ ನೋಡಿ ಹೊಂದಿಸಿಕೊಳ್ಳುತ್ತೆ ಅಂತ ಹೇಳಿ ಹಾಕಿಕೊಟ್ಟು ಹೋದರು. ಬೆಳಿಗ್ಗೆ ಒಂಬತ್ತರವರೆಗೆ ಎಲ್ಲ ಚೆನ್ನಾಗಿರುತ್ತೆ. ಹತ್ತೂವರೆ ಆದಮೇಲೆ ಶುರು: ವಿಡಿಯೋ ಕಾಲ್‌ನಲ್ಲಿ ಮುಖ ನಿಂತುಬಿಡುತ್ತೆ, ಧ್ವನಿ ತುಂಡಾಗುತ್ತೆ. ಸಿಗ್ನಲ್ ಕಡ್ಡಿ ಮಾತ್ರ ಪೂರ್ತಿ ತೋರಿಸುತ್ತೆ.

ನಮ್ಮ ಸಪೋರ್ಟ್ ಟೀಮಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ದಿನಕ್ಕೆ ಆರು ಗಂಟೆ ಗ್ರಾಹಕರ ಜತೆ ಮಾತು. ಅವಳು ನನ್ನ ಹತ್ತಿರ ದೂರು ಹೇಳಲಿಲ್ಲ. ಮಾನಿಟರ್ ಕೆಳಗೆ ಒಂದು ಹಳದಿ ಚೀಟಿ ಅಂಟಿಸಿಕೊಂಡು, ಕಾಲ್ ಕಟ್ ಆದಾಗಲೆಲ್ಲ ಹೊತ್ತು ಬರೆದಿಟ್ಟಿದ್ದಳು. 10:46, 11:01, 11:31, 12:16. ಕಂಟ್ರೋಲರ್ ಲಾಗ್ ತೆಗೆದು ಪಕ್ಕಕ್ಕಿಟ್ಟು ನೋಡಿದೆ. ಅವಳ ತಲೆ ಮೇಲಿನ ಆಕ್ಸೆಸ್ ಪಾಯಿಂಟು ಚಾನೆಲ್ ಬದಲಾಯಿಸಿದ್ದು ಅದೇ ನಾಲ್ಕು ಹೊತ್ತಿಗೆ. ಆ ಒಂದು ದಿನ ಇಡೀ ಆಫೀಸಿನಲ್ಲಿ 212 ಸಲ ಚಾನೆಲ್ ಬದಲಾಗಿದೆ.

ಅಂದ್ರೆ ಸರಿ ಮಾಡಬೇಕಾದ ಆಟೋನೇ ಕಾಲ್ ಕಡೀತಿದೆ. ಹಾಗಂತ ಆಟೋ ತೆಗೆದುಬಿಡಲಾ? ಅಥವಾ ನಾನೇ ಏನೋ ತಪ್ಪು ಮಾಡಿದೀನಾ? ಬ್ರ್ಯಾಂಡ್ ಹೆಸರು ಬೇಡ, ಎಲ್ಲರಲ್ಲೂ ಈ ಸೌಲಭ್ಯ ಇದೆ. ಗೊತ್ತಿರೋರು ದಾರಿ ತೋರಿಸಿ.

ಗಾಳಿತಂತಿ

ಮೇಡಂ, ಆ ಹಳದಿ ಚೀಟಿ ಎಸೀಬೇಡಿ. ಯಾವ ಡ್ಯಾಶ್‌ಬೋರ್ಡೂ ಕೊಡದ ಮಾಹಿತಿ ಅದರಲ್ಲಿದೆ.

ಆಟೋ ತೆಗೆಯೋ ಮಾತು ಆಮೇಲೆ. ಮೊದಲು ಅಡಚಣೆ ಅಂದ್ರೆ ಏನು ಅಂತ ಬಿಡಿಸಿಕೊಳ್ಳೋಣ, ಯಾಕಂದ್ರೆ ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿಗೆ ನಾವು ಒಂದೇ ಹೆಸರು ಇಟ್ಟಿದ್ದೀವಿ.

ಮೊದಲನೆಯದು, ಒಂದೇ ಚಾನೆಲ್‌ನಲ್ಲಿ ಇಬ್ಬರು. ವೈಫೈ ಮಾತಾಡೋ ಮುಂಚೆ ಕಿವಿ ಕೊಡುತ್ತೆ. ಅದೇ ಚಾನೆಲ್‌ನಲ್ಲಿ ಇನ್ನೊಂದು ವೈಫೈ ಮೈನಸ್ 82 ಡಿಬಿಎಂನಷ್ಟು (ಸಿಗ್ನಲ್ ಅಳತೆ, ಮೈನಸ್ ಹೆಚ್ಚಿದಷ್ಟೂ ಸಿಗ್ನಲ್ ಕಡಿಮೆ) ಕ್ಷೀಣವಾಗಿ ಕೇಳಿದರೂ ತಾನು ಸುಮ್ಮನಾಗಬೇಕು, ಅವರದು ಮುಗಿದ ಮೇಲೆ ತನ್ನ ಸರದಿ. ಇಲ್ಲಿ ಜಗಳ ಇಲ್ಲ, ಆದರೆ ಎಲ್ಲರೂ ಒಂದೇ ನ್ಯಾಯಬೆಲೆ ಅಂಗಡಿ ಸಾಲಲ್ಲಿ ನಿಂತ ಹಾಗೆ. ಗೋಡೆಯಾಚೆಯ ಕಂಪನಿಯವರೂ ನಿಮ್ಮ ಸಾಲಲ್ಲೇ ಇದ್ದಾರೆ, ಅವರ ಫೋನುಗಳೂ ಇವೆ. ಸಿಗ್ನಲ್ ಪೂರ್ತಿ ಇದ್ದೂ ಕಾಲ್ ತುಂಡಾಗೋದು ಹೀಗೇ. ಸಾಲು ಉದ್ದ ಆಗಿದೆ, ಕಡ್ಡಿಗೂ ಸಾಲಿಗೂ ಸಂಬಂಧ ಇಲ್ಲ.

ಎರಡನೆಯದು, ಅರ್ಧಂಬರ್ಧ ಮೇಲೆ ಬೀಳೋ ಚಾನೆಲ್. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳ ನಡುವಿನ ಅಂತರ 5 ಮೆಗಾಹರ್ಟ್ಸ್, ಒಂದೊಂದರ ಅಗಲ 20. ಹಾಗಾಗಿ 1, 6, 11 ಮಾತ್ರ ಒಂದರ ಮೇಲೊಂದು ಬೀಳಲ್ಲ. ಯಾರೋ ಖಾಲಿ ಇದೆ ಅಂತ 3ನೇ ಚಾನೆಲ್ ಇಟ್ಟರೆ 1ರವರಿಗೂ 6ರವರಿಗೂ ಅದು ಅರ್ಥವಾಗದ ಗದ್ದಲ. ಆ ಗದ್ದಲ ಮೈನಸ್ 62 ದಾಟೋವರೆಗೆ ಅವರು ಸುಮ್ಮನಾಗೋದೂ ಇಲ್ಲ. ಇಬ್ಬರೂ ಒಟ್ಟಿಗೆ ಮಾತಾಡ್ತಾರೆ, ಇಬ್ಬರದೂ ಹಾಳಾಗುತ್ತೆ. ಮೊದಲನೆಯದಕ್ಕಿಂತ ಇದು ಕೆಟ್ಟದ್ದು.

ಇಷ್ಟು ಹೇಳಿ: 5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಅಗಲ ಎಷ್ಟಿಟ್ಟಿದ್ದೀರಿ? ಎಷ್ಟು ಎಸ್‌ಎಸ್‌ಐಡಿ (ಫೋನಿನ ಪಟ್ಟಿಯಲ್ಲಿ ಕಾಣೋ ವೈಫೈ ಹೆಸರು)? ಪವರ್‌ಗೆ ಕೆಳಮಿತಿ ಮೇಲ್ಮಿತಿ ಇದೆಯಾ? ಆಕ್ಸೆಸ್ ಪಾಯಿಂಟುಗಳನ್ನ ಎಲ್ಲಿ ಕೂರಿಸಿದ್ದಾರೆ?

ಹುಬ್ಳಿ ಸ್ವಿಚ್

ಕೊನೀ ಪ್ರಶ್ನೆ ಭಾಳ ಮುಖ್ಯ ಐತ್ರೀ. ನಮ್ಮ ಕಡೆ ಒಂದು ಆಫೀಸ್‌ದಾಗ ಹಿಂಗಾ ಆಗಿತ್ತು. ಕಾರಿಡಾರ್‌ದಾಗ ಕೇಬಲ್ ಎಳ್ಯೂದು ಸಲೀಸು ಅಂತ ಎಲ್ಲಾ ಆಕ್ಸೆಸ್ ಪಾಯಿಂಟ್ ಅಲ್ಲೇ ಸಾಲಾಗಿ ಹಚ್ಚಿದ್ರು. ಕಾರಿಡಾರ್ ಅಂದ್ರ ನಡುವ ಏನೂ ಅಡ್ಡ ಇಲ್ಲ ನೋಡ್ರಿ, ಒಂದಕ್ಕೊಂದು ಜೋರಾಗಿ ಕೇಳಸ್ತಾವ. ಆಟೋ ಪವರ್ ಏನ್ ತಿಳ್ಕೊಂತು? ‘ಓ, ಇಲ್ಲೆ ಭಾಳ ಮಂದಿ ಅದೀವಿ, ದನಿ ಇಳಸೂಣು’ ಅಂತ ಎಲ್ಲಾನೂ ತಗ್ಗಿಗೆ ಹೋದವು. ಗೋಡೆ ಹಿಂದ ಕ್ಯಾಬಿನ್‌ದಾಗ ಕುಂತ ಮಂದೀಗೆ ಸಿಗ್ನಲ್ಲೇ ಇಲ್ಲ!

ಆಟೋ ಕೇಳೂದು ಸೀಲಿಂಗಿನಿಂದ. ಮಂದಿ ಕುಂದ್ರೂದು ಮೇಜಿನ ಮುಂದ. ಈ ಅಂತರಾನ ಅದಕ್ಕ ನಾವ ಹೇಳಬೇಕ್ರಿ, ತಾನಾಗೇ ತಿಳಿಯಂಗಿಲ್ಲ.

ಏಳನೇ ಮಹಡಿ

ನಿಮ್ಮ ಪ್ರಶ್ನೆ ಓದಿ ಕೂತು ಪಟ್ಟಿ ಮಾಡಿದೆ. ಬರೆಯೋವಾಗಲೇ ಅರ್ಧ ಉತ್ತರ ಸಿಕ್ಕಿತು.

ಅಗಲ 80 ಮೆಗಾಹರ್ಟ್ಸ್. ಎಸ್‌ಎಸ್‌ಐಡಿ ಏಳು: ಸಿಬ್ಬಂದಿ, ಅತಿಥಿ, ಫೋನ್, ಪ್ರಿಂಟರ್, ಮೀಟಿಂಗ್ ರೂಮ್, ಹಳೇ ಸಿಬ್ಬಂದಿ (ಯಾರೂ ತೆಗೆದಿಲ್ಲ), ಟೆಸ್ಟಿಂಗ್. ಪವರ್ ಮಿತಿ ಇಟ್ಟೇ ಇಲ್ಲ. ಕನಿಷ್ಠ ವೇಗ 1 ಎಂಬಿಪಿಎಸ್, ಹಾಗೇ ಬಂದದ್ದು. 52ರಿಂದ 64, 100ರಿಂದ 140ರವರೆಗಿನ ಚಾನೆಲ್‌ಗಳನ್ನ ರೇಡಾರ್ ತೊಂದರೆ ಅಂತ ಆರಂಭದಲ್ಲೇ ಆಫ್ ಮಾಡಿದ್ದಾರೆ. ಆಟೋ ಕಾಲು ಗಂಟೆಗೊಮ್ಮೆ ಲೆಕ್ಕ ಹಾಕುತ್ತೆ.

38ರಲ್ಲಿ 11 ಕಾರಿಡಾರ್‌ನಲ್ಲಿವೆ. ಹುಬ್ಬಳ್ಳಿ ಸರ್, ನಿಮ್ಮ ಮಾತು ಓದಿದ ತಕ್ಷಣ ಎದ್ದು ಹೋಗಿ ತಲೆಯೆತ್ತಿ ನೋಡಿ ಬಂದೆ. ಲಿಫ್ಟಿನಿಂದ ಪ್ಯಾಂಟ್ರಿವರೆಗೆ ದೀಪದ ಸಾಲಿನ ಹಾಗೆ ಇವೆ.

ಗಾಳಿತಂತಿ

ಈಗ ಚಿತ್ರ ಪೂರ್ತಿ ಆಯ್ತು. ಸ್ವಲ್ಪ ಉದ್ದ ಬರೀತೀನಿ, ಇದು ನನಗೆ ತುಂಬಾ ಹತ್ತಿರದ ವಿಷಯ.

ಆಟೋ ಒಳಗೆ ನಡೆಯೋದೇನು? ಸಿಸ್ಕೋದಲ್ಲಿ ಇದಕ್ಕೆ ಆರ್‌ಆರ್‌ಎಂ ಅಂತಾರೆ, ಅರುಬಾದಲ್ಲಿ ಮುಂಚೆ ಎಆರ್‌ಎಂ, ಈಗ ಏರ್‌ಮ್ಯಾಚ್. ರಕಸ್‌ನಲ್ಲಿ ಚಾನೆಲ್‌ಫ್ಲೈ. ದಾರಿ ಬೇರೆ ಬೇರೆ ಇದ್ದರೂ ಬುಡ ಒಂದೇ. ಪ್ರತಿ ಆಕ್ಸೆಸ್ ಪಾಯಿಂಟು ಆಗಾಗ ತನ್ನ ಚಾನೆಲ್ ಬಿಟ್ಟು ಕ್ಷಣಮಾತ್ರ ಬೇರೆ ಚಾನೆಲ್‌ಗಳಿಗೆ ಕಿವಿ ಕೊಟ್ಟು ಬರುತ್ತೆ. ತನ್ನವರು ಯಾರು, ಎಷ್ಟು ಜೋರಾಗಿ ಕೇಳ್ತಾರೆ, ಹೊರಗಿನವರು ಯಾರು, ವೈಫೈ ಅಲ್ಲದ ಗದ್ದಲ ಎಷ್ಟು ಅಂತ ಗುರುತು ಹಾಕಿಕೊಳ್ಳುತ್ತೆ. ಇದೆಲ್ಲ ಒಂದು ಕಡೆ ಸೇರುತ್ತೆ. ಅಲ್ಲಿ ಯಾರಿಗೆ ಯಾವ ಚಾನೆಲ್ ಅಂತ ಹಂಚಿಕೆ ಆಗುತ್ತೆ.

ಈ ಹಂಚಿಕೆ ಗಣಿತದಲ್ಲಿ ಹಳೇ ಸಮಸ್ಯೆ: ನಕ್ಷೆಗೆ ಬಣ್ಣ ಹಚ್ಚೋದು, ಅಕ್ಕಪಕ್ಕದವರಿಗೆ ಒಂದೇ ಬಣ್ಣ ಬರಬಾರದು. ಬಣ್ಣ ಕಡಿಮೆ ಇದ್ದು ಮನೆ ಜಾಸ್ತಿ ಆದಾಗ ಯಾವ ಕಂಪ್ಯೂಟರಿಗೂ ಇದು ಸುಲಭ ಅಲ್ಲ, ಸುಮಾರಾಗಿ ಒಳ್ಳೇ ಉತ್ತರ ಹುಡುಕುತ್ತೆ ಅಷ್ಟೇ. ಈಗ ನಿಮ್ಮ ಬಣ್ಣ ಎಣಿಸಿ. 80 ಮೆಗಾಹರ್ಟ್ಸ್ ಅಗಲ, ಮಧ್ಯದ ಚಾನೆಲ್‌ಗಳು ಆಫ್. ಉಳಿದದ್ದು 36ರಿಂದ 48ರ ಒಂದು ಕಟ್ಟು, 149ರಿಂದ 161ರ ಇನ್ನೊಂದು ಕಟ್ಟು. ಎರಡೇ ಬಣ್ಣ! 38 ಮನೆಗೆ ಎರಡು ಬಣ್ಣ ಕೊಟ್ಟು ‘ಅಕ್ಕಪಕ್ಕ ಒಂದೇ ಬರಬಾರದು’ ಅಂದ್ರೆ ಅದು ಏನು ಮಾಡೀತು? ಕಾಲು ಗಂಟೆಗೊಮ್ಮೆ ಆ ಕಡೆ ಈ ಕಡೆ ಓಡ್ತಾ ಇರುತ್ತೆ.

ಗೋಡೆಯಾಚೆ ಇನ್ನೂ ಮೂರು ಕಂಟ್ರೋಲರ್ ಇವೆ, ಅವೂ ಆಟೋ. ನಿಮ್ಮದು ಅವರ ಮಾತು ಕೇಳಿಸಿಕೊಳ್ಳಬಹುದು, ಅವರಿಗೆ ಏನನ್ನೂ ಹೇಳಕ್ಕಾಗಲ್ಲ. ನೀವು 36 ಬಿಟ್ಟು 149ಕ್ಕೆ ಹೋದ್ರಿ, ಅವರದು ‘149 ಗಿಜಿಗಿಜಿ ಆಯ್ತು’ ಅಂತ 36ಕ್ಕೆ ಬಂತು, ಮೂರನೆಯವರು ಅದಕ್ಕೆ ಹೆದರಿ ಎದ್ದರು. ಒಂದೊಂದೂ ತನ್ನ ಮಟ್ಟಿಗೆ ಸರಿಯಾದ ತೀರ್ಮಾನವನ್ನೇ ತಗೊಳ್ತಿದೆ. ಒಟ್ಟಿನಲ್ಲಿ ಯಾರಿಗೂ ನೆಲೆ ಇಲ್ಲ. ನಿಮ್ಮ 212 ಬಂದಿರೋದು ಇಲ್ಲಿಂದ.

ಎಸ್‌ಎಸ್‌ಐಡಿ ಲೆಕ್ಕವನ್ನೂ ಒಮ್ಮೆ ಹಾಕಿ. ಪ್ರತಿ ಎಸ್‌ಎಸ್‌ಐಡಿ 102.4 ಮಿಲಿಸೆಕೆಂಡಿಗೊಮ್ಮೆ ‘ನಾನಿದ್ದೀನಿ’ ಅಂತ ಬೀಕನ್ ಕೂಗುತ್ತೆ, ಸೆಕೆಂಡಿಗೆ ಸುಮಾರು ಹತ್ತು ಸಲ. 300 ಬೈಟ್‌ನ ಬೀಕನ್ 1 ಎಂಬಿಪಿಎಸ್‌ನಲ್ಲಿ ಹೋದರೆ 2.6 ಮಿಲಿಸೆಕೆಂಡು ತಿನ್ನುತ್ತೆ. ಒಂದು ಎಸ್‌ಎಸ್‌ಐಡಿಗೆ ಎರಡೂವರೆ ಶೇಕಡ ಗಾಳಿಹೊತ್ತು (ಚಾನೆಲ್ ಬಳಕೆಯಲ್ಲಿರೋ ಸಮಯ). ಏಳಕ್ಕೆ ಹದಿನೇಳು ಹದಿನೆಂಟು. ಒಂದೇ ಚಾನೆಲ್‌ನಲ್ಲಿ ನಿಮ್ಮದೇ ಮೂರು ಪೆಟ್ಟಿಗೆ ಕೇಳಿಸಿದರೆ ಅರ್ಧಕ್ಕಿಂತ ಹೆಚ್ಚು ಹೊತ್ತು ಬರೀ ಹೆಸರು ಕೂಗೋದರಲ್ಲೇ ಹೋಯ್ತು, ಒಬ್ಬರೂ ಇನ್ನೂ ಮಾತೇ ಆಡಿಲ್ಲ. ಇದು 2.4ರ ಲೆಕ್ಕ. 5ರಲ್ಲಿ ಕನಿಷ್ಠ ವೇಗವೇ 6 ಇರೋದರಿಂದ ಪೆಟ್ಟು ಕಡಿಮೆ. ಆದರೂ ಏಳು ಬೇಡ. ಆ ‘ಹಳೇ ಸಿಬ್ಬಂದಿ’ಯನ್ನ ಇವತ್ತೇ ತೆಗೀರಿ.

ಕೇಬಲ್ ಕಟ್ಟು

ನನ್ನ ಅಭಿಪ್ರಾಯ ಬೇರೆ. ಹದಿನೈದು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಮಹಡಿಯ ನಕ್ಷೆ ಮುಂದಿಟ್ಟುಕೊಂಡು ಪೆನ್ಸಿಲ್‌ನಲ್ಲಿ 36, 44, 149, 157 ಅಂತ ಕೈಯಾರೆ ಬರೆದು ಹಾಕಿದ ಆಫೀಸುಗಳು ಇವತ್ತಿಗೂ ನಡೀತಿವೆ. ಆಟೋ ಯಾವಾಗ ಏನು ಮಾಡುತ್ತೆ ಅಂತ ಹೇಳಕ್ಕಾಗಲ್ಲ. ಗ್ರಾಹಕರು ಫೋನ್ ಮಾಡಿದಾಗ ‘ಯಾಕೆ ಹೀಗಾಯ್ತು’ ಅಂತ ಉತ್ತರ ಕೊಡಬೇಕಾದವನು ನಾನು. ಕೈಯಲ್ಲಿ ಹಾಕಿದ್ದಕ್ಕೆ ಉತ್ತರ ನನ್ನ ಹತ್ತಿರ ಇರುತ್ತೆ. 38 ಪೆಟ್ಟಿಗೆ ಒಂದು ಭಾನುವಾರದ ಕೆಲಸ ಮೇಡಂ, ಕೂತು ಹಾಕಿಬಿಡಿ.

ಕ್ಯಾಂಪಸ್ ಕಾವಲು

ಸರ್, ನಿಮ್ಮ ಅನುಭವಕ್ಕೆ ಗೌರವ ಇಟ್ಟೇ ಹೇಳ್ತೀನಿ, ನಮ್ಮ ಕಾಲೇಜಿನಲ್ಲಿ ನಡೆದದ್ದು ಕೇಳಿ. ನನಗಿಂತ ಮುಂಚೆ ಇದ್ದವರು ತುಂಬಾ ಶ್ರದ್ಧೆಯಿಂದ ಕೈಯಲ್ಲೇ ಹಂಚಿಕೆ ಮಾಡಿದ್ದರು. ಎಕ್ಸೆಲ್ ಹಾಳೆ, ಬಣ್ಣ ಹಚ್ಚಿದ ನಕ್ಷೆ ಎಲ್ಲ ಇತ್ತು. ಆ ವರ್ಷಕ್ಕೆ ಅದು ಸರಿಯಾಗಿಯೇ ಇತ್ತು. ಆಮೇಲೆ ಪಕ್ಕದಲ್ಲಿ ಹೊಸ ಹಾಸ್ಟೆಲ್ ಬಂತು, ಲೈಬ್ರರಿಯ ಒಂದು ಗೋಡೆ ಒಡೆದರು, ಎದುರಿನ ಕಟ್ಟಡದಲ್ಲಿ ಕೋಚಿಂಗ್ ಸೆಂಟರ್ ಶುರುವಾಯ್ತು. ಅವರು ಬೇರೆ ಊರಿಗೆ ಹೋದರು. ಹಾಳೆ ಹಾಗೇ ಉಳೀತು. ನಾನು ಬಂದಾಗ ಸತತ ಐದು ಪೆಟ್ಟಿಗೆಗಳು ಕೋಚಿಂಗ್ ಸೆಂಟರಿನ ಚಾನೆಲ್‌ನಲ್ಲೇ ಕೂತಿದ್ದವು. ಮಕ್ಕಳು ಆನ್‌ಲೈನ್ ಪರೀಕ್ಷೆ ಬರೆಯುವಾಗ ಒದ್ದಾಡಿದ್ದನ್ನ ಕಣ್ಣಾರೆ ನೋಡಿದೀನಿ.

ಒಬ್ಬರೇ ಇರೋ ಕಟ್ಟಡದಲ್ಲಿ ಪೆನ್ಸಿಲ್ ನಕ್ಷೆ ಬಾಳಿಕೆ ಬರುತ್ತೆ. ನೆರೆಹೊರೆ ತಿಂಗಳಿಗೊಮ್ಮೆ ಬದಲಾಗೋ ಕಡೆ ಬರಲ್ಲ. ಆಟೋ ಬೇಕು, ಆದರೆ ಎಲ್ಲೆ ಹಾಕಿಕೊಟ್ಟ ಆಟೋ.

ಕೇಬಲ್ ಕಟ್ಟು

ನೆರೆಯವರು ಬದಲಾಗೋ ವಿಷಯ ಒಪ್ಪಿದೆ. ನಾನು ನೋಡಿರೋದರಲ್ಲಿ ಹೆಚ್ಚು ಒಂಟಿ ಕಟ್ಟಡಗಳೇ. ಆದರೂ ಒಂದು ಮಾತು ಬಿಡಲ್ಲ: ಆಟೋ ಕೆಲಸದ ಹೊತ್ತಿನಲ್ಲಿ ಚಾನೆಲ್ ಮುಟ್ಟಬಾರದು.

ಮೈನ್ ದಂಡೆ

ಫ್ರಾಂಕ್‌ಫರ್ಟ್‌ನಿಂದ. ಮೂಲ ಶಿವಮೊಗ್ಗ, ಇಲ್ಲಿ ಒಂದು ಆಫೀಸ್ ಸಮುಚ್ಚಯದ ವೈಫೈ ನೋಡಿಕೊಳ್ಳುತ್ತಿದ್ದೇನೆ. ಆಫ್ ಆಗಿರುವ ಆ ಮಧ್ಯದ ಚಾನೆಲ್‌ಗಳ ಬಗ್ಗೆ ಹೇಳಲೇಬೇಕು.

ಭಾರತದಲ್ಲಿ 2018ರ ಅಕ್ಟೋಬರ್‌ನ ನಿಯಮದಿಂದ 5150ರಿಂದ 5350, 5470ರಿಂದ 5875 ಮೆಗಾಹರ್ಟ್ಸ್‌ವರೆಗೆ ಪರವಾನಗಿ ಇಲ್ಲದೆ ಬಳಸಬಹುದು. ಒಟ್ಟು 605 ಮೆಗಾಹರ್ಟ್ಸ್. 20ರ ಅಗಲದಲ್ಲಿ ಹಾಕಿದರೆ 36ರಿಂದ 48ರವರೆಗೆ ನಾಲ್ಕು, 52ರಿಂದ 64ರವರೆಗೆ ನಾಲ್ಕು, 100ರಿಂದ 140ರವರೆಗೆ ಹನ್ನೊಂದು, 149ರಿಂದ 165ರವರೆಗೆ ಐದು. ಇಪ್ಪತ್ತನಾಲ್ಕು ಬಣ್ಣ. ಗಾಳಿತಂತಿಯವರು ಎಣಿಸಿದ ಎರಡು ಎಲ್ಲಿ, ಈ ಇಪ್ಪತ್ತನಾಲ್ಕು ಎಲ್ಲಿ!

ರೇಡಾರ್ ಭಯ ಪೂರ್ತಿ ಸುಳ್ಳಲ್ಲ. 52ರಿಂದ 140ರವರೆಗಿನ ಚಾನೆಲ್‌ಗಳಲ್ಲಿ ಪೆಟ್ಟಿಗೆ ಶುರುವಾಗುವ ಮುಂಚೆ ಒಂದು ನಿಮಿಷ ಸುಮ್ಮನೆ ಕೇಳಬೇಕು. ರೇಡಾರ್ ಕಂಡರೆ ಹತ್ತು ಸೆಕೆಂಡಿನೊಳಗೆ ಜಾಗ ಖಾಲಿ ಮಾಡಬೇಕು, ಅರ್ಧ ಗಂಟೆ ಆ ಕಡೆ ತಿರುಗಿ ನೋಡಬಾರದು. ಇದಕ್ಕೆ ಡಿಎಫ್‌ಎಸ್ ಅಂತಾರೆ. ಯುರೋಪಿನಲ್ಲಿ 5600ರಿಂದ 5650ರ ಪಟ್ಟಿಯಲ್ಲಿ ಹವಾಮಾನ ರೇಡಾರ್ ಇರುವುದರಿಂದ ಅಲ್ಲಿ ಒಂದು ನಿಮಿಷವಲ್ಲ, ಹತ್ತು ನಿಮಿಷ ಕಾಯಬೇಕು. ಹಾಗಾಗಿ ಇಲ್ಲಿ ಆ ಮೂರು ಚಾನೆಲ್ (120, 124, 128) ಮಾತ್ರ ಬಿಟ್ಟು ಉಳಿದದ್ದೆಲ್ಲ ಬಳಸುತ್ತೇವೆ. ಪೂರ್ತಿ ಬೀಗ ಹಾಕಬೇಡಿ. ಒಂದು ವಾರ ಆನ್ ಮಾಡಿ, ಲಾಗಿನಲ್ಲಿ ರೇಡಾರ್ ಘಟನೆಗಳು ಯಾವ ಚಾನೆಲ್‌ನಲ್ಲಿ, ಯಾವ ಪೆಟ್ಟಿಗೆಯಲ್ಲಿ ಬರುತ್ತಿವೆ ನೋಡಿ. ಕಿಟಕಿ ಪಕ್ಕದ ಎರಡು ಮೂರರಲ್ಲಿ ಮಾತ್ರ ಬಂದರೆ ಅವಕ್ಕೆ ಮಾತ್ರ ಬೇರೆ ಪಟ್ಟಿ ಕೊಡಿ.

ಅಗಲದ ಬಗ್ಗೆ ಇನ್ನೊಂದು ಮಾತು. 20ರಿಂದ 80ಕ್ಕೆ ಹೋದಾಗ ರಿಸೀವರ್‌ಗೆ ಸೇರುವ ಗದ್ದಲವೂ ನಾಲ್ಕು ಪಟ್ಟು, ಅಂದರೆ 6 ಡಿಬಿ. ಖಾಲಿ ಕೋಣೆಯಲ್ಲಿ ಒಬ್ಬರೇ ಸ್ಪೀಡ್ ಟೆಸ್ಟ್ ಮಾಡಿದರೆ 80 ಚೆಂದ ಕಾಣುತ್ತದೆ. ನಾನೂರು ಜನ ಕೂತಾಗ 20ರಲ್ಲಿ ಒಟ್ಟು ಕೆಲಸ ಹೆಚ್ಚು ಆಗುತ್ತದೆ. ಇದನ್ನು ಮ್ಯಾನೇಜರ್‌ಗಳಿಗೆ ಒಪ್ಪಿಸುವುದೇ ಕಷ್ಟ, ಏಕೆಂದರೆ ಅವರು ನೋಡುವುದು ಸ್ಪೀಡ್ ಟೆಸ್ಟ್ ಮಾತ್ರ.

ಕುಡ್ಲ ಲೆಕ್ಕಪತ್ರ

ನಮ್ಮದು ಮಂಗಳೂರಿನಲ್ಲಿ ಹನ್ನೆರಡು ಜನರ ಸಣ್ಣ ಆಫೀಸು ಮಾರಾಯ್ರೆ, ಕಂಟ್ರೋಲರ್ ಎಲ್ಲ ಇಲ್ಲ. ಎರಡು ರೂಟರ್, ಎರಡರಲ್ಲೂ ಆಟೋ. ಮಧ್ಯಾಹ್ನ ಊಟದ ಹೊತ್ತಿಗೆ ನಿಧಾನ ಆಗ್ತದೆ. ನಮ್ಮಂಥವರು ಏನು ಮಾಡುವುದು?

ಕ್ಯಾಂಪಸ್ ಕಾವಲು

ಸಣ್ಣ ರೂಟರ್‌ಗಳಲ್ಲಿ ಹಲವು ಆನ್ ಆಗೋ ಹೊತ್ತಿಗೆ ಮಾತ್ರ ಚಾನೆಲ್ ಹುಡುಕುತ್ತವೆ, ಆಮೇಲೆ ಅಲ್ಲೇ ಕೂರುತ್ತವೆ. ಬೆಳಿಗ್ಗೆ ಏಳಕ್ಕೆ ಯಾರೂ ಇಲ್ಲದಾಗ ಆರಿಸಿದ್ದು ಹನ್ನೊಂದಕ್ಕೆ ಸರಿ ಇರಲ್ಲ. ನಿಮಗೆ ಕೈಯಲ್ಲಿ ಹಾಕೋದೇ ಒಳ್ಳೇದು. ಫೋನಿನಲ್ಲಿ ವೈಫೈ ಅನಲೈಜರ್ ಆ್ಯಪ್ ಹಾಕಿ, ಆಫೀಸ್ ತುಂಬಿರೋ ಹೊತ್ತಿನಲ್ಲಿ ನೋಡಿ. 2.4ರಲ್ಲಿ ಒಂದಕ್ಕೆ 1, ಇನ್ನೊಂದಕ್ಕೆ 11, ಅಗಲ 20. ಕಂಪ್ಯೂಟರುಗಳನ್ನೆಲ್ಲ 5ಕ್ಕೆ ಸೇರಿಸಿ. ಊಟದ ಹೊತ್ತು ಅಂದಿರಲ್ಲ, ರೂಟರ್ ಪಕ್ಕ ಮೈಕ್ರೋವೇವ್ ಓವನ್ ಇದೆಯಾ ನೋಡಿ. ಅದು ಕೆಲಸ ಮಾಡೋದೂ 2.45 ಗಿಗಾಹರ್ಟ್ಸ್‌ನಲ್ಲೇ.

ಕುಡ್ಲ ಲೆಕ್ಕಪತ್ರ

ಉಂಟು! ಅದೇ ಶೆಲ್ಫಿನ ಕೆಳಗೆ. ನಾಳೆಯೇ ತೆಗೆಸ್ತೇನೆ. ತುಂಬ ಉಪಕಾರ ಆಯ್ತು.

ಏಳನೇ ಮಹಡಿ

ಮೂರು ವಾರ ಆಯ್ತು. ನೀವೆಲ್ಲ ಇಷ್ಟು ಹೊತ್ತು ಕೊಟ್ಟಿದ್ದಕ್ಕೆ ಏನೇನಾಯ್ತು ಅಂತ ಪೂರ್ತಿ ಬರೆಯೋದು ನನ್ನ ಕರ್ತವ್ಯ.

ಮೊದಲ ಶನಿವಾರ ಬರೀ ಕಸ ಗುಡಿಸಿದ್ದು. ಏಳು ಎಸ್‌ಎಸ್‌ಐಡಿ ಮೂರಾಯ್ತು. ಕನಿಷ್ಠ ವೇಗ 12ಕ್ಕೆ ಏರಿಸಿದೆ. ಒಂದು ಹಳೇ ಪ್ರಿಂಟರ್ ಸೇರಲಿಲ್ಲ, ಅದಕ್ಕೆ ಕೇಬಲ್ ಎಳೆಸಿದೆ. 38ರಲ್ಲಿ 22ರ 2.4 ರೇಡಿಯೋ ಆಫ್. ಮೂರೇ ಚಾನೆಲ್ ಇರೋ ಕಡೆ 38 ಜನ ನಿಂತು ಕೂಗೋದರಲ್ಲಿ ಅರ್ಥ ಇಲ್ಲ. 5ರಲ್ಲಿ ಅಗಲ 20, ಚಾನೆಲ್ 24. ಡಿಎಫ್‌ಎಸ್ ಆನ್ ಮಾಡಿ ವಾರ ನೋಡಿದೆ: ಪೂರ್ವದ ಕಿಟಕಿ ಕಡೆಯ ಒಂದೇ ಪೆಟ್ಟಿಗೆಯಲ್ಲಿ ಮೂರು ರೇಡಾರ್ ಘಟನೆ. ಅದೊಂದಕ್ಕೆ ಬೇರೆ ಪಟ್ಟಿ ಕೊಟ್ಟೆ.

ಎರಡನೇ ವಾರ ಪವರ್. ಇಲ್ಲಿ ಪೆಟ್ಟು ತಿಂದೆ. ಎಲ್ಲೆ ಅಂತ 8ರಿಂದ 14 ಡಿಬಿಎಂ ಇಟ್ಟೆ. ಸೋಮವಾರ ಬೆಳಿಗ್ಗೆಯೇ ಪ್ಯಾಂಟ್ರಿ ಪಕ್ಕದ ಮೀಟಿಂಗ್ ರೂಮಿನಿಂದ ಫೋನು. ಒಳಗೆ ಹೋಗಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ನೋಡಿದ್ರೆ ಮೈನಸ್ 79. ಕಾರಿಡಾರ್‌ನ ಪೆಟ್ಟಿಗೆಯ ನೇರ ಕೆಳಗೆ ಮೈನಸ್ 41. ನಡುವೆ ಇರೋದು ಆರು ಹೆಜ್ಜೆ, ಒಂದು ಕಾಂಕ್ರೀಟ್ ಕಂಬ, ಒಂದು ಫ್ರಿಜ್. ಹುಬ್ಬಳ್ಳಿ ಸರ್ ಹೇಳಿದ್ದು ಅಕ್ಷರಶಃ ನನ್ನ ಕಣ್ಣ ಮುಂದೆ. ಕಾರಿಡಾರ್‌ನ ಹನ್ನೊಂದರಲ್ಲಿ ಏಳನ್ನ ಕ್ಯಾಬಿನ್, ಮೀಟಿಂಗ್ ರೂಮುಗಳ ಒಳಗೆ ತಂದೆವು. ಏಣಿ ಮೇಲೆ ನಿಂತ ಎಲೆಕ್ಟ್ರಿಷಿಯನ್ ‘ಮೊದಲೇ ಇಲ್ಲಿ ಹಾಕೋದಲ್ವಾ ಮೇಡಂ’ ಅಂದರು. ಹೌದು ಅಂದೆ. ಪೆಟ್ಟಿಗೆಗಳು ಒಂದಕ್ಕೊಂದು ಮರೆಯಾದ ಮೇಲೆ ಆಟೋ ತಾನಾಗೇ ಹೆಚ್ಚಿನವನ್ನ 11 ಡಿಬಿಎಂ ಆಸುಪಾಸಿಗೆ ತಂದು ನಿಲ್ಲಿಸಿತು. ನಾನೇನೂ ಮುಟ್ಟಲಿಲ್ಲ.

ಕೊನೆಯದು ಹೊತ್ತು. ಕೇಬಲ್ ಕಟ್ಟು ಸರ್ ಮಾತು ಕೇಳಿ ಚಾನೆಲ್ ಲೆಕ್ಕವನ್ನ ದಿನಕ್ಕೊಮ್ಮೆ, ಬೆಳಗಿನ ಜಾವ ಐದಕ್ಕೆ ಮಾಡಿದೆ. ಕೆಲಸದ ಹೊತ್ತಿನಲ್ಲಿ ಬದಲಾಗೋದು ರೇಡಾರ್ ಬಂದರೆ, ಇಲ್ಲ ವೈಫೈ ಅಲ್ಲದ ದೊಡ್ಡ ಗದ್ದಲ ಬಂದರೆ ಮಾತ್ರ.

ಆಮೇಲೆ ಪಕ್ಕದವರು. ಫೆಸಿಲಿಟಿ ಮ್ಯಾನೇಜರ್ ಮೂಲಕ ಮೂರೂ ಕಂಪನಿಯ ನೆಟ್‌ವರ್ಕ್‌ನವರನ್ನ ಕೆಳಗಿನ ಟೀ ಅಂಗಡಿಗೆ ಕರೆದೆ. ಬರ್ತಾರೋ ಇಲ್ವೋ ಅಂದ್ಕೊಂಡಿದ್ದೆ, ಎಲ್ಲರೂ ಬಂದರು. ಎಲ್ಲರಿಗೂ ಅದೇ ಗೋಳು! ಒಬ್ಬರ ಲಾಗಿನಲ್ಲಿ ದಿನಕ್ಕೆ 300 ಬದಲಾವಣೆ. ಚಾನೆಲ್ ಪಾಲು ಮಾಡಿಕೊಳ್ಳೋಣ ಅಂತ ಒಬ್ಬರು ಅಂದರು, ಅದು ಬೇಡ ಅನ್ನಿಸಿತು. ಪಾಲು ಮಾಡಿದರೆ ಆ ತುದಿಯಲ್ಲಿ ಖಾಲಿ ಬಿದ್ದಿರೋ ಚಾನೆಲ್ಲೂ ಈ ತುದಿಯವರಿಗೆ ಸಿಗಲ್ಲ. ಒಪ್ಪಿಕೊಂಡದ್ದು ಮೂರೇ: ಎಲ್ಲರೂ 20ರ ಅಗಲ, ಗಡಿ ಗೋಡೆ ಕಡೆಯ ಪೆಟ್ಟಿಗೆಗಳಿಗೆ 14ರ ಮೇಲ್ಮಿತಿ, ಲೆಕ್ಕ ಬೆಳಗಿನ ಜಾವ, ಅದೂ ಒಬ್ಬೊಬ್ಬರದು ಒಂದೊಂದು ಹೊತ್ತಿಗೆ: ಮೂರು, ನಾಲ್ಕು, ಐದು, ಆರು. ಒಬ್ಬರು ಕೂತಾದ ಮೇಲೆ ಇನ್ನೊಬ್ಬರು ಎದ್ದರೆ ಓಡಾಟ ಇರಲ್ಲ. ಮಾತಿನ ನಡುವೆ ಇನ್ನೊಂದು ಗೊತ್ತಾಯ್ತು. ಒಬ್ಬರ ಕಾನ್ಫರೆನ್ಸ್ ರೂಮಿನ ವೈರ್‌ಲೆಸ್ ಪ್ರೊಜೆಕ್ಟರ್ ಡಬ್ಬಿ ತನ್ನದೇ ಹಾಟ್‌ಸ್ಪಾಟನ್ನು 80ರ ಅಗಲದಲ್ಲಿ, ಪೂರ್ತಿ ಪವರ್‌ನಲ್ಲಿ ಹಗಲೂ ರಾತ್ರಿ ಬಿಡ್ತಾ ಇತ್ತು. ಅವರಿಗೇ ತಿಳಿದಿರಲಿಲ್ಲ.

ಈಗಿನ ಲೆಕ್ಕ: ನಿನ್ನೆ ಹಗಲು ಚಾನೆಲ್ ಬದಲಾಗಿದ್ದು 1 ಸಲ, ಬೆಳಗಿನ ಜಾವ 8. ಹನ್ನೊಂದು ಗಂಟೆಯ ಗಾಳಿಹೊತ್ತು ಬಳಕೆ ಸರಾಸರಿ 71 ಶೇಕಡ ಇತ್ತು, ಈಗ 34.

ಹುಬ್ಳಿ ಸ್ವಿಚ್

ಶಭಾಷ್ ಮೇಡಂ! ಪೆಟ್ಟಿಗಿ ಜಾಗಾ ಬದಲಾಯಿಸ್ಲಿಕ್ಕೆ ಮ್ಯಾನೇಜ್‌ಮೆಂಟಿಗೆ ಒಪ್ಪಸೂದು ಸಣ್ಣ ಮಾತಲ್ಲ. ಭಾಳ ಮಂದಿ ಅಲ್ಲೇ ಸೋಲ್ತಾರ.

ಹೊಸ ಬಳಕೆದಾರ 88

ನನ್ನದೊಂದು ಪ್ರಶ್ನೆ. ವೈಫೈ 6ರಲ್ಲಿ ‘ಬಣ್ಣ’ ಅಂತ ಬಂದಿದೆಯಲ್ಲ, 6 ಗಿಗಾಹರ್ಟ್ಸ್ ಕೂಡ ಬರುತ್ತೆ ಅಂತಾರೆ. ಇವೆಲ್ಲ ಬಂದರೆ ಈ ಕಸರತ್ತು ಬೇಕಾಗುತ್ತಾ?

ಗಾಳಿತಂತಿ

ಬೇಕಾಗುತ್ತೆ. ಆ ಬಣ್ಣ ಅಂದ್ರೆ ಪ್ರತಿ ಮಾತಿನ ತಲೆಬರಹದಲ್ಲಿ 1ರಿಂದ 63ರೊಳಗಿನ ಒಂದು ಗುರುತು. ಒಂದೇ ಚಾನೆಲ್‌ನಲ್ಲಿ ದೂರದಲ್ಲಿ ಕೇಳಿದ ಮಾತು ತನ್ನ ಬಣ್ಣದ್ದಲ್ಲ, ಅಷ್ಟು ಜೋರೂ ಇಲ್ಲ ಅಂದ್ರೆ ಅದಕ್ಕೆ ಕಾಯದೆ ತಾನು ಮಾತಾಡಬಹುದು. ಒಳ್ಳೇ ಯೋಚನೆ. ಆದರೆ ಹಳೇ ಲ್ಯಾಪ್‌ಟಾಪುಗಳಿಗೆ ಬಣ್ಣ ಗೊತ್ತಿಲ್ಲ, ಅವು ಹಳೇ ಕ್ರಮದಲ್ಲೇ ಕಾಯುತ್ತವೆ, ಕಾಯಿಸುತ್ತವೆ. ಪವರ್ ಮಿತಿ ಇಲ್ಲದ ಕಡೆ ನೆರೆಯವರ ಮಾತು ‘ಅಷ್ಟು ಜೋರಿಲ್ಲ’ ಅನ್ನೋ ಸ್ಥಿತಿಯೇ ಬರಲ್ಲ.

6ರ ವಿಷಯ: ಇಲ್ಲಿ 5925ರಿಂದ 6425ರವರೆಗೆ, ಕಡಿಮೆ ಪವರ್‌ನಲ್ಲಿ ಕಟ್ಟಡದೊಳಗೆ ಪರವಾನಗಿ ಇಲ್ಲದೆ ಬಳಸಲು ಕರಡು ನಿಯಮ ಹೊರಬಂದದ್ದು 2025ರ ಮೇನಲ್ಲಿ. ಅಮೆರಿಕದಲ್ಲಿ 2020ರಲ್ಲೇ 7125ರವರೆಗೆ, 1200 ಮೆಗಾಹರ್ಟ್ಸ್ ಬಿಟ್ಟುಕೊಟ್ಟರು. ನಮ್ಮ ಆ 500ರಲ್ಲಿ 20ರ ಅಗಲದ 24 ಚಾನೆಲ್ ಸಿಗುತ್ತೆ, 80ರದ್ದಾದರೆ ಆರು. ಮತ್ತೆ ಯಾರೋ ಬಂದು ಎಲ್ಲಕ್ಕೂ 160 ಹಾಕಿಕೊಟ್ಟು ಹೋದರೆ? ಮೂರೇ ಬಣ್ಣ. ಏಳನೇ ಮಹಡಿಯ ಕಥೆ ಮೊದಲಿಂದ ಶುರು.

ಮೈನ್ ದಂಡೆ

ಒಂದು ಕುತೂಹಲ. ನಾಲ್ಕೂ ಕಂಪನಿ ಹೊತ್ತು ಹಂಚಿಕೊಂಡಿದ್ದೀರಲ್ಲ, ಯಾರಾದರೂ ಖಾಲಿ ಮಾಡಿ ಹೊಸಬರು ಬಂದರೆ? ಅದನ್ನು ಎಲ್ಲಾದರೂ ಬರೆದಿಟ್ಟಿದ್ದೀರಾ?

ಏಳನೇ ಮಹಡಿ

ಬರೆದಿದ್ದೀವಿ. ಫೆಸಿಲಿಟಿಯವರು ಹೊಸ ಬಾಡಿಗೆದಾರರಿಗೆ ಕೊಡೋ ಹಾಳೆಯಲ್ಲಿ ಲಿಫ್ಟ್ ಸಮಯ, ಪಾರ್ಕಿಂಗ್ ಜತೆಗೆ ಈ ಮೂರು ಸಾಲೂ ಸೇರಿವೆ. ಆರನೇ ಮಹಡಿಯವರು ನಿನ್ನೆ ಅದರ ಪ್ರತಿ ಕೇಳಿ ತಗೊಂಡು ಹೋದರು. ಅವರದು 52 ಪೆಟ್ಟಿಗೆಯಂತೆ, 80ರ ಅಗಲ. ಶನಿವಾರ ನಾನೇ ಕೆಳಗೆ ಹೋಗಿ ಅವರ ಜತೆ ಕೂರ್ತೀನಿ.

ಹಳದಿ ಚೀಟಿ ಬಗ್ಗೆ ಹೇಳಿದ್ರಿ ಗಾಳಿತಂತಿಯವರೇ. ಎಸೆದಿಲ್ಲ. ಹೊಸದೊಂದು ಅಂಟಿಸಿಕೊಂಡಿದ್ದಾಳೆ, ಈ ವಾರದ್ದು. ಅದರಲ್ಲಿ ಎರಡು ಹೊತ್ತು ಇವೆ: ಮಂಗಳವಾರ 3:20, ಗುರುವಾರ 11:05. ಮಂಗಳವಾರದ್ದು ಇಡೀ ಕಟ್ಟಡಕ್ಕೆ ಕರೆಂಟ್ ಹೋಗಿ ಜನರೇಟರ್ ಬಂದ ಹೊತ್ತು. ಗುರುವಾರದ್ದು ಇನ್ನೂ ಸಿಕ್ಕಿಲ್ಲ. ಲಾಗಿನಲ್ಲಿ ಚಾನೆಲ್ ಬದಲಾಗಿಲ್ಲ, ರೇಡಾರ್ ಇಲ್ಲ, ಅವಳ ಸಂಪರ್ಕ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹಾರಿದ (ರೋಮಿಂಗ್) ಗುರುತು ಮಾತ್ರ ಇದೆ. ಅವಳು ಎದ್ದು ನೀರು ತರಕ್ಕೆ ಹೋಗಿದ್ದಳಂತೆ, ಹೆಡ್‌ಸೆಟ್ ಹಾಕ್ಕೊಂಡೇ. ರೋಮಿಂಗ್ ಸೆಟ್ಟಿಂಗ್ ನೋಡಬೇಕು. ಅದಕ್ಕೆ ಬೇರೆ ಚರ್ಚೆ ಶುರು ಮಾಡ್ತೀನಿ, ಅಲ್ಲಿಗೂ ಬನ್ನಿ.